ಸ್ಮಾರ್ಟ್‌ಫೋನ್ ಕಾರ್ಯಾಚರಣಾ ವ್ಯವಸ್ಥೆಗಳ ಮುಕ್ತತೆ

ಸ್ಮಾರ್ಟ್‌ಫೋನ್ ಕಾರ್ಯಾಚರಣಾ ವ್ಯವಸ್ಥೆಗಳ ಮುಕ್ತತೆ ಎಂಬುದು ಎರಡು ಅವಕಾಶಗಳನ್ನು ಸೂಚಿಸುತ್ತದೆ. ಫೋನನ್ನು ನಡೆಸುವ ಮೂಲ ತಂತ್ರಾಂಶದ ಒಡೆತನ ಹೊಂದಿರುವ ಸಂಸ್ಥೆಯ ಅಪ್ಪಣೆಗಾಗಿ ಕಾಯದೆ ಸ್ವತಂತ್ರ ತಯಾರಕರು ಆ್ಯಪ್‌ಗಳನ್ನು ರಚಿಸಿ ಹಂಚುವ ಅವಕಾಶ ಮೊದಲನೆಯದು. ಫೋನನ್ನು ಕೊಂಡವರು ತಮಗೆ ಬೇಕಾದ ಆ್ಯಪನ್ನು ತಮಗೆ ಬೇಕಾದ ಕಡೆಯಿಂದ ಪಡೆದು ಅಳವಡಿಸಿಕೊಳ್ಳುವ ಅವಕಾಶ ಎರಡನೆಯದು. ಭಾರತದ ಶೇಕಡಾ 90ಕ್ಕೂ ಹೆಚ್ಚು ಸ್ಮಾರ್ಟ್‌ಫೋನ್‌ಗಳು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ನಡೆಯುವುದರಿಂದ, ಇಲ್ಲಿ ಈ ಚರ್ಚೆ ಬಹುಮಟ್ಟಿಗೆ ಆಂಡ್ರಾಯ್ಡ್‌ಗೆ ಸಂಬಂಧಿಸಿದೆ. ಆಂಡ್ರಾಯ್ಡ್‌ನ ಮೂಲಸಂಕೇತ ಯಾರಿಗಾದರೂ ಲಭ್ಯ. ಆದರೆ ಆ್ಯಪ್ ಒಂದು ಬಳಕೆದಾರರನ್ನು ತಲುಪುವ ದಾರಿಯೂ ಅಷ್ಟೇ ತೆರೆದಿದೆಯೇ ಎಂಬುದು ಭಾರತೀಯ ಸ್ಪರ್ಧಾ ಆಯೋಗ, ನ್ಯಾಯಮಂಡಳಿ ಹಾಗೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಶ್ನೆಯಾಗಿದೆ.

ಪರಿಭಾಷೆ

ಈ ವಿಷಯವನ್ನು ಅರಿಯಲು ನಾಲ್ಕು ಪದಗಳ ಪರಿಚಯ ಅಗತ್ಯ.

ಮೂಲಸಂಕೇತ: ತಂತ್ರಾಂಶವನ್ನು ರಚಿಸುವಾಗ ಮನುಷ್ಯರು ಬರೆಯುವ ಆದೇಶಗಳ ಪಠ್ಯ. ಅದನ್ನು ಓದಲು, ತಿದ್ದಲು, ಮರಳಿ ಹಂಚಲು ಎಲ್ಲರಿಗೂ ಪರವಾನಗಿ ಇದ್ದರೆ ಅದು ಮುಕ್ತ ತಂತ್ರಾಂಶ.

ಆ್ಯಪ್ ಅಂಗಡಿ: ಆ್ಯಪ್‌ಗಳನ್ನು ಒಂದೆಡೆ ಪಟ್ಟಿಮಾಡಿ ಹಂಚುವ ಸೇವೆ. ಗೂಗಲ್ ಪ್ಲೇ ಮತ್ತು ಆ್ಯಪಲ್‌ನ ಆ್ಯಪ್ ಸ್ಟೋರ್ ಇವುಗಳಲ್ಲಿ ಪ್ರಮುಖವಾದವು.

ಎಪಿಕೆ: ಆಂಡ್ರಾಯ್ಡ್ ಆ್ಯಪ್‌ನ ಕಡತ. ಪ್ರತಿಯೊಂದು ಎಪಿಕೆಗೂ ಅದರ ತಯಾರಕರು ಗೂಢಲಿಪಿಯ ಕೀಲಿಯೊಂದರಿಂದ ಸಹಿ ಹಾಕಿರುತ್ತಾರೆ. ಆ್ಯಪ್‌ನ ಹೊಸ ಆವೃತ್ತಿ ಬಂದಾಗ, ಸಹಿ ಹಳೆಯದಕ್ಕೆ ಹೊಂದಿದರೆ ಮಾತ್ರ ಫೋನು ಅದನ್ನು ಒಪ್ಪಿಕೊಳ್ಳುತ್ತದೆ.

ಸೈಡ್‌ಲೋಡಿಂಗ್: ಫೋನಿನೊಡನೆ ಬಂದ ಅಂಗಡಿಯನ್ನು ಬಿಟ್ಟು ಜಾಲತಾಣ, ಮೆಮೊರಿ ಕಾರ್ಡ್ ಅಥವಾ ಬೇರೊಂದು ಅಂಗಡಿಯಿಂದ ಆ್ಯಪನ್ನು ನೇರವಾಗಿ ಅಳವಡಿಸಿಕೊಳ್ಳುವುದು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ 'ಅಪರಿಚಿತ ಮೂಲಗಳು' ಎಂಬ ಆಯ್ಕೆಯ ಮೂಲಕ ಬಳಕೆದಾರರು ಒಪ್ಪಿಗೆ ಕೊಡಬೇಕಾಗುತ್ತದೆ.

ಹಿನ್ನೆಲೆ

ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಸಂಸ್ಥೆಯನ್ನು ಕೊಂಡುಕೊಂಡಿತು. 2007ರ ನವೆಂಬರ್ 5ರಂದು ಫೋನು ತಯಾರಕರನ್ನೂ ದೂರಸಂಪರ್ಕ ಸಂಸ್ಥೆಗಳನ್ನೂ ಒಳಗೊಂಡ ಒಕ್ಕೂಟವೊಂದರೊಡನೆ ಈ ವ್ಯವಸ್ಥೆಯನ್ನು ಪ್ರಕಟಿಸಿತು. ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್ ತಿರುಳು ಜಿಪಿಎಲ್ ಪರವಾನಗಿಯಲ್ಲಿಯೂ, ಉಳಿದ ಬಹುಭಾಗ ಅಪಾಚೆ ಪರವಾನಗಿಯಲ್ಲಿಯೂ ಬಿಡುಗಡೆಯಾಗಿವೆ. ಆ್ಯಪಲ್ ತನ್ನ ಆ್ಯಪ್ ಸ್ಟೋರನ್ನು 2008ರ ಜುಲೈನಲ್ಲಿ ತೆರೆಯಿತು. ಐಫೋನಿಗೆ ಅದೊಂದೇ ಬಾಗಿಲಾಗಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ತೆರೆದ ಆಂಡ್ರಾಯ್ಡ್ ಮಾರ್ಕೆಟ್, 2012ರಲ್ಲಿ ಗೂಗಲ್ ಪ್ಲೇ ಆಯಿತು. ಆಂಡ್ರಾಯ್ಡ್‌ನಲ್ಲಿ ಮೊದಲಿನಿಂದಲೂ ಹೊರಗಿನ ಆ್ಯಪ್‌ಗಳಿಗೆ ಅವಕಾಶವಿತ್ತು. 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಸ್ವಯಂಸೇವಕರ ಭಂಡಾರ ಮುಕ್ತ ತಂತ್ರಾಂಶಗಳನ್ನು ಮಾತ್ರ ಹಂಚುತ್ತ ಬಂದಿದೆ.

ಮುಕ್ತ ಮೂಲಸಂಕೇತದ ಮೇಲೆ ಗೂಗಲ್‌ನ ಸ್ವಂತ ಪದರವೊಂದಿದೆ. ಪ್ಲೇ ಅಂಗಡಿ, ನಕ್ಷೆ, ಶೋಧ, ಸೂಚನೆ ಕಳುಹಿಸುವ ಸೇವೆ ಮೊದಲಾದವು ಈ ಪದರಕ್ಕೆ ಸೇರಿದವು. ಇವುಗಳನ್ನು ಫೋನಿನಲ್ಲಿ ಸೇರಿಸಲು ತಯಾರಿಕಾ ಸಂಸ್ಥೆಗಳು ಗೂಗಲ್‌ನೊಡನೆ ಒಪ್ಪಂದ ಮಾಡಿಕೊಳ್ಳಬೇಕು. ಪ್ಲೇ ಅಂಗಡಿಯಿಲ್ಲದ ಫೋನನ್ನು ಗ್ರಾಹಕರು ಕೊಳ್ಳುವುದು ವಿರಳವಾದ್ದರಿಂದ, ಮೂಲಸಂಕೇತ ಮುಕ್ತವಾಗಿದ್ದರೂ ಒಪ್ಪಂದದ ಷರತ್ತುಗಳೇ ಮಾರುಕಟ್ಟೆಯನ್ನು ಆಳತೊಡಗಿದವು.

ಅಂಗಡಿಗಳು ಶುಲ್ಕವನ್ನೂ ವಿಧಿಸುತ್ತವೆ. ಪ್ಲೇನಲ್ಲಿ ತಯಾರಕರ ನೋಂದಣಿಗೆ ಒಮ್ಮೆ 25 ಡಾಲರ್, ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್ ತೆರಬೇಕು. ಆ್ಯಪ್‌ನೊಳಗೆ ಮಾರುವ ಡಿಜಿಟಲ್ ಸರಕಿನ ಮೇಲೆ ಎರಡೂ ಸಂಸ್ಥೆಗಳು ದೀರ್ಘಕಾಲ ಶೇಕಡಾ 30ರಷ್ಟು ಪಾಲು ಪಡೆಯುತ್ತಿದ್ದವು. 2021ರಲ್ಲಿ ಸಣ್ಣ ತಯಾರಕರಿಗೆ ಈ ಪಾಲನ್ನು ಶೇಕಡಾ 15ಕ್ಕೆ ಇಳಿಸಲಾಯಿತು.

ಕರ್ನಾಟಕದ ಪೂರ್ವಪ್ರಯತ್ನ

ಆಂಡ್ರಾಯ್ಡ್‌ಗಿಂತ ಮೊದಲೇ ಕರ್ನಾಟಕದಲ್ಲಿ ಮುಕ್ತ ಕೈಗಣಕವೊಂದು ರೂಪುಗೊಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ರೂಪಿಸಿದ 'ಸಿಂಪ್ಯೂಟರ್' 2001ರಲ್ಲಿ ಪ್ರಕಟವಾಯಿತು. ಲಿನಕ್ಸ್ ಆಧಾರಿತವಾಗಿದ್ದ ಈ ಸಾಧನ ಅಂಗೈಯಲ್ಲಿ ಹಿಡಿಯಬಹುದಾದದ್ದು. ಒಂದೇ ಸಾಧನವನ್ನು ಊರಿನ ಹಲವರು ಸ್ಮಾರ್ಟ್‌ಕಾರ್ಡ್ ಬಳಸಿ ಹಂಚಿಕೊಳ್ಳಬೇಕೆಂಬುದು ಆಶಯ. ಅಕ್ಷರ ಬಾರದವರಿಗಾಗಿ ಪಠ್ಯವನ್ನು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯವೂ ಅದರಲ್ಲಿ ಇತ್ತು. ಯಂತ್ರಾಂಶದ ವಿನ್ಯಾಸವನ್ನೇ ಸಾರ್ವಜನಿಕ ಪರವಾನಗಿಯಡಿ ನೀಡಿದ್ದು ಸಿಂಪ್ಯೂಟರಿನ ವಿಶೇಷ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಹೆಸರಿನ ಮಾದರಿ ಮಾರುಕಟ್ಟೆಗೆ ಬಂತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೂ ಸ್ಥಳೀಯ ಭಾಷೆ ಮತ್ತು ಮುಕ್ತ ಪರವಾನಗಿ ಜೊತೆಯಾಗಿ ಸಾಗಬಹುದೆಂದು ತೋರಿಸಿದ ಪ್ರಯತ್ನವೆಂದು ಅದನ್ನು ನೆನೆಯಲಾಗುತ್ತದೆ.

ಕನ್ನಡ ಭಾಷೆಗೆ ಮುಕ್ತತೆಯ ಮಹತ್ವ

ಫೋನಿನಲ್ಲಿ ಕನ್ನಡ ಬರೆಯಲು ಕೀಲಿಮಣೆ ಬೇಕು. 2009ರಲ್ಲಿ ಬಂದ ಆಂಡ್ರಾಯ್ಡ್ 1.5 ಆವೃತ್ತಿಯಿಂದಲೇ ಹೊರಗಿನವರು ರಚಿಸಿದ ಕೀಲಿಮಣೆಗಳನ್ನು ಅಳವಡಿಸಲು ಸಾಧ್ಯವಾಯಿತು. ಐಫೋನಿನಲ್ಲಿ ಇಂತಹ ಅವಕಾಶ ದೊರೆತದ್ದು 2014ರಲ್ಲಿ ಬಂದ ಐಓಎಸ್ 8ರಿಂದ. ಈ ನಡುವಿನ ಐದು ವರ್ಷಗಳಲ್ಲಿ ಕನ್ನಡದಂತಹ ಭಾಷೆಯ ಕೀಲಿಮಣೆಯನ್ನು ಸ್ವತಂತ್ರ ತಯಾರಕರೊಬ್ಬರು ಬರೆದರೂ, ಐಫೋನಿನ ಎಲ್ಲ ಆ್ಯಪ್‌ಗಳಲ್ಲಿ ಅದನ್ನು ಬಳಸಲು ವ್ಯವಸ್ಥೆಯೇ ಬಿಡುತ್ತಿರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳನ್ನು ಸರಿಯಾಗಿ ಮೂಡಿಸುವ ಬೆಂಬಲ 2012ರ 4.1 ಆವೃತ್ತಿಯಲ್ಲಿಯೂ, ಫೋನಿನ ಮೆನುಗಳೇ ಕನ್ನಡದಲ್ಲಿ ಕಾಣುವ ಸೌಲಭ್ಯ 2014ರ 5.0 ಆವೃತ್ತಿಯಲ್ಲಿಯೂ ಬಂದವು. ಸ್ವಯಂಸೇವಕರ ಇಂಡಿಕ್ ಕೀಬೋರ್ಡ್‌ನಂತಹ ಮುಕ್ತ ಆ್ಯಪ್‌ಗಳು ಕನ್ನಡದೊಡನೆ ಭಾರತದ ಇತರ ಭಾಷೆಗಳಿಗೂ ಟೈಪಿಂಗ್ ಸೌಲಭ್ಯ ನೀಡಿದವು.

ಕನ್ನಡ ಗಣಕ ಬಳಕೆದಾರರಿಗೆ ಇಂತಹ ಪ್ರಶ್ನೆ ಹೊಸದಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ರಚಿಸಿದ 'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದವು. ಆದರೆ ಯೂನಿಕೋಡ್ ರೂಢಿಗೆ ಬರುವ ಮುನ್ನ ಒಂದು ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಟೈಪಿಸಿದ ಪಠ್ಯ, ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತಿತ್ತು. ಎಲ್ಲರೂ ಒಪ್ಪಿದ ಸಮಾನ ಮಾನಕ ಬಂದ ಮೇಲೆಯೇ ಕನ್ನಡ ಪಠ್ಯ ಯಂತ್ರದಿಂದ ಯಂತ್ರಕ್ಕೆ ಸಲೀಸಾಗಿ ಸಾಗಿತು. ಬಳಕೆದಾರರ ಸಂಖ್ಯೆ ಕಡಿಮೆಯಿರುವ ಭಾಷೆಗಳಿಗೆ ದೊಡ್ಡ ಸಂಸ್ಥೆಗಳು ತಡವಾಗಿ ಗಮನ ಕೊಡುವುದು ವಾಡಿಕೆ. ಆ ಅಂತರವನ್ನು ತುಂಬುವವರು ಹೆಚ್ಚಾಗಿ ಬಿಡುವಿನ ವೇಳೆಯಲ್ಲಿ, ಲಾಭದ ಆಸೆಯಿಲ್ಲದೆ ದುಡಿಯುವ ಸ್ವತಂತ್ರ ತಯಾರಕರು.

ಭಾರತದಲ್ಲಿ ಕಾನೂನು ಕ್ರಮಗಳು

ಭಾರತೀಯ ಸ್ಪರ್ಧಾ ಆಯೋಗವು 2019ರಲ್ಲಿ ಆಂಡ್ರಾಯ್ಡ್ ಒಪ್ಪಂದಗಳ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 20ರಂದು, ಗೂಗಲ್ ತನ್ನ ಪ್ರಬಲ ಸ್ಥಾನವನ್ನು ದುರುಪಯೋಗಪಡಿಸಿಕೊಂಡಿದೆ ಎಂದು ತೀರ್ಮಾನಿಸಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅದೇ ತಿಂಗಳ 25ರಂದು, ಆ್ಯಪ್‌ನೊಳಗಿನ ಪಾವತಿಗೆ ಗೂಗಲ್‌ನದೇ ವ್ಯವಸ್ಥೆಯನ್ನು ಬಳಸಬೇಕೆಂಬ ನಿಯಮಕ್ಕಾಗಿ 936.44 ಕೋಟಿ ರೂಪಾಯಿಗಳ ಮತ್ತೊಂದು ದಂಡ ವಿಧಿಸಿತು.

ಮೊದಲ ಆದೇಶದಲ್ಲಿ ದಂಡದ ಜೊತೆಗೆ ಹಲವು ನಿರ್ದೇಶನಗಳಿದ್ದವು. ಗೂಗಲ್‌ನ ಎಲ್ಲ ಆ್ಯಪ್‌ಗಳನ್ನು ಕಟ್ಟಾಗಿ ಅಳವಡಿಸಬೇಕೆಂದು ಫೋನು ತಯಾರಕರನ್ನು ಒತ್ತಾಯಿಸಬಾರದು, ಮೊದಲೇ ಅಳವಡಿಸಿದ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದನ್ನು ತಡೆಯಬಾರದು, ಬೇರೆ ಆ್ಯಪ್ ಅಂಗಡಿಗಳಿಗೆ ಪ್ಲೇನಲ್ಲಿ ಸ್ಥಳ ಕೊಡಬೇಕು, ಸೈಡ್‌ಲೋಡಿಂಗ್ ಮೂಲಕ ಆ್ಯಪ್ ಹಂಚುವ ತಯಾರಕರನ್ನು ನಿರ್ಬಂಧಿಸಬಾರದು ಎಂಬುವು ಅವುಗಳಲ್ಲಿ ಮುಖ್ಯವಾದವು. ಆದೇಶಕ್ಕೆ ತಡೆ ನೀಡಲು ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 19ರಂದು ನಿರಾಕರಿಸಿತು. ಕೆಲವೇ ದಿನಗಳಲ್ಲಿ ಗೂಗಲ್, ಫೋನು ತಯಾರಕರು ತನ್ನ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದೆಂದು ಪ್ರಕಟಿಸಿತು.

ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು 2023ರ ಮಾರ್ಚ್ 29ರಂದು ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು. ಆ್ಯಪ್ ತೆಗೆದುಹಾಕುವಿಕೆ, ಬೇರೆ ಅಂಗಡಿಗಳಿಗೆ ಪ್ಲೇನಲ್ಲಿ ಸ್ಥಳ, ಸೈಡ್‌ಲೋಡಿಂಗ್ ಇವುಗಳಿಗೆ ಸಂಬಂಧಿಸಿದ ಮೂರು ನಿರ್ದೇಶನಗಳು ರದ್ದಾದವುಗಳಲ್ಲಿ ಸೇರಿದ್ದವು. ಹೀಗಾಗಿ ದೊಡ್ಡ ಮೊತ್ತದ ದಂಡ ಉಳಿದರೂ, ಸ್ವತಂತ್ರ ತಯಾರಕರಿಗೆ ನೇರವಾಗಿ ನೆರವಾಗಬಹುದಾಗಿದ್ದ ಭಾಗ ಜಾರಿಗೆ ಬರಲಿಲ್ಲ. ಬಳಿಕ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಪಾವತಿ ನಿಯಮದ ಪ್ರಕರಣದಲ್ಲಿ ನ್ಯಾಯಮಂಡಳಿಯು 2025ರ ಮಾರ್ಚ್ 28ರಂದು ದಂಡವನ್ನು 216.69 ಕೋಟಿ ರೂಪಾಯಿಗೆ ಇಳಿಸಿತು. ಆ್ಯಪಲ್‌ನ ಅಂಗಡಿಯ ನಿಯಮಗಳ ಬಗೆಗೂ ಆಯೋಗ 2021ರ ಡಿಸೆಂಬರಿನಲ್ಲಿ ತನಿಖೆಗೆ ಆದೇಶಿಸಿತ್ತು.

ಶುಲ್ಕದ ವಿವಾದ 2024ರ ಮಾರ್ಚ್ 1ರಂದು ಸಾರ್ವಜನಿಕರ ಕಣ್ಣಿಗೆ ಬಿತ್ತು. ಅಂದು ಗೂಗಲ್, ಸೇವಾಶುಲ್ಕ ತೆರಲಿಲ್ಲವೆಂಬ ಕಾರಣಕ್ಕೆ ಭಾರತದ ಹತ್ತು ಸಂಸ್ಥೆಗಳ ಆ್ಯಪ್‌ಗಳನ್ನು ಪ್ಲೇನಿಂದ ತೆಗೆಯತೊಡಗಿತು. ಭಾರತ್ ಮ್ಯಾಟ್ರಿಮೊನಿ, ನೌಕ್ರಿ, ಕುಕು ಎಫ್ಎಂ ಮೊದಲಾದ ಜನಪ್ರಿಯ ಆ್ಯಪ್‌ಗಳು ಇದರಿಂದ ಬಾಧಿತವಾದವು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ನಂತರ ಅವುಗಳನ್ನು ಕೆಲವೇ ದಿನಗಳಲ್ಲಿ ಮರಳಿ ಸೇರಿಸಲಾಯಿತು. ಸಚಿವರ ಮಟ್ಟಕ್ಕೆ ದೂರು ಒಯ್ಯಬಲ್ಲ ಸಂಸ್ಥೆಗಳಿಗೆ ಈ ಪರಿಹಾರ ದೊರೆಯಿತು. ಒಬ್ಬಂಟಿಯಾಗಿ ದುಡಿಯುವ ತಯಾರಕರಿಗೆ ಆ ಬಲವಿರುವುದಿಲ್ಲ ಎಂಬುದು ಮುಕ್ತತೆಯ ಪರವಾಗಿರುವವರ ವಾದ.

ತಯಾರಕರ ಗುರುತಿನ ದೃಢೀಕರಣ

2025ರ ಆಗಸ್ಟಿನಲ್ಲಿ ಗೂಗಲ್ ಹೊಸ ನಿಯಮವೊಂದನ್ನು ಪ್ರಕಟಿಸಿತು. ಅದರ ಪ್ರಕಾರ, ಗೂಗಲ್‌ನ ಮಾನ್ಯತೆ ಪಡೆದ ಆಂಡ್ರಾಯ್ಡ್ ಫೋನುಗಳಲ್ಲಿ ಗುರುತು ದೃಢಪಡಿಸಿದ ತಯಾರಕರ ಆ್ಯಪ್‌ಗಳು ಮಾತ್ರ ಅಳವಡಬೇಕು. ಪ್ಲೇನ ಹೊರಗೆ ಹಂಚುವ ಆ್ಯಪ್‌ಗಳಿಗೂ ಇದು ಅನ್ವಯಿಸುತ್ತದೆ. ತಯಾರಕರು ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ನೀಡಿ, ತಮ್ಮ ಆ್ಯಪ್‌ಗಳ ಹೆಸರನ್ನೂ ಸಹಿಯ ಕೀಲಿಯನ್ನೂ ಗೂಗಲ್‌ನಲ್ಲಿ ನೋಂದಾಯಿಸಬೇಕು. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಲ್ಲಿ, 2027ರಿಂದ ಇತರ ದೇಶಗಳಲ್ಲಿ ಇದನ್ನು ಜಾರಿಗೆ ತರುವುದಾಗಿ ಸಂಸ್ಥೆ ತಿಳಿಸಿತು.

ಎಫ್-ಡ್ರಾಯ್ಡ್ ಇದನ್ನು ತೀವ್ರವಾಗಿ ವಿರೋಧಿಸಿತು. ಅದರ ಭಂಡಾರದ ಬಹುತೇಕ ಆ್ಯಪ್‌ಗಳನ್ನು ಮೂಲಸಂಕೇತದಿಂದ ಅದೇ ಕಟ್ಟಿ, ಅದೇ ಸಹಿ ಹಾಕುತ್ತದೆ. ಸ್ವಯಂಸೇವಕ ತಯಾರಕರೆಲ್ಲರೂ ಗೂಗಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಒತ್ತಾಯಿಸಲಾಗದು, ಅವರ ಪರವಾಗಿ ಆ್ಯಪ್‌ಗಳ ಹೆಸರನ್ನು ತನ್ನದೆಂದು ಹೇಳಿಕೊಳ್ಳಲೂ ಆಗದು. ಆದ್ದರಿಂದ ತನ್ನಂತಹ ಭಂಡಾರಗಳ ಅಸ್ತಿತ್ವವೇ ಅಪಾಯಕ್ಕೆ ಸಿಲುಕುತ್ತದೆ ಎಂಬುದು ಅದರ ನಿಲುವು. ಟೀಕೆಗಳ ನಂತರ 2025ರ ನವೆಂಬರಿನಲ್ಲಿ ಗೂಗಲ್ ಎರಡು ಸಡಿಲಿಕೆಗಳನ್ನು ಪ್ರಕಟಿಸಿತು. ವಿದ್ಯಾರ್ಥಿಗಳು ಮತ್ತು ಹವ್ಯಾಸಿಗಳಿಗೆ ಸೀಮಿತ ಸಂಖ್ಯೆಯ ಸಾಧನಗಳಿಗೆ ಹಂಚಲು ಪ್ರತ್ಯೇಕ ಖಾತೆ ಮೊದಲನೆಯದು. ಅಪಾಯವನ್ನು ಅರಿತು ಒಪ್ಪಿಕೊಳ್ಳುವ ಅನುಭವಿ ಬಳಕೆದಾರರು ದೃಢೀಕರಿಸದ ಆ್ಯಪನ್ನೂ ಅಳವಡಿಸಿಕೊಳ್ಳುವ ವಿಧಾನ ಎರಡನೆಯದು.

ಸುರಕ್ಷತೆಯ ವಾದ

ನಿರ್ಬಂಧಗಳ ಪರವಾದ ಮುಖ್ಯ ವಾದ ಸುರಕ್ಷತೆಯದು. ಪ್ಲೇನಲ್ಲಿರುವುದಕ್ಕಿಂತ 50 ಪಟ್ಟಿಗೂ ಹೆಚ್ಚು ಕುತಂತ್ರಾಂಶ ಅಂತರಜಾಲದಿಂದ ಸೈಡ್‌ಲೋಡ್ ಮಾಡುವ ಮೂಲಗಳಲ್ಲಿ ಕಂಡುಬಂದಿದೆ ಎಂದು ಗೂಗಲ್ ಹೇಳಿದೆ. ಭಾರತದಲ್ಲಿ ಈ ಅಪಾಯ ಕಾಲ್ಪನಿಕವಲ್ಲ. ಮದುವೆಯ ಆಮಂತ್ರಣ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಮುಂತಾದ ಹೆಸರುಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಎಪಿಕೆ ಕಡತಗಳನ್ನು ಕಳುಹಿಸಿ, ಫೋನಿಗೆ ಬರುವ ಓಟಿಪಿಯನ್ನು ಕದ್ದು, ಬ್ಯಾಂಕ್ ಖಾತೆಯಿಂದ ಹಣ ದೋಚುವ ವಂಚನೆ ವ್ಯಾಪಕವಾಗಿದೆ. ಇದಕ್ಕೆ ಗುರಿಯಾದವರು ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬಹುದು.

ಮುಕ್ತತೆಯ ಪರವಾದಿಗಳು ಈ ಅಪಾಯವನ್ನು ಅಲ್ಲಗಳೆಯುವುದಿಲ್ಲ. ಎಚ್ಚರಿಕೆಯ ಸಂದೇಶ, ಆ್ಯಪ್‌ಗಳಿಗೆ ಕೊಡುವ ಅನುಮತಿಗಳ ಮಿತಿ, ಕಡತಗಳ ತಪಾಸಣೆ ಇವುಗಳಿಂದ ರಕ್ಷಣೆ ಒದಗಿಸಬಹುದು; ಆದರೆ ಪ್ರತಿಸ್ಪರ್ಧಿ ಅಂಗಡಿಯನ್ನೂ ನಡೆಸುವ ಸಂಸ್ಥೆಯೇ ಯಾರು ತಯಾರಕರೆಂದು ನಿರ್ಧರಿಸಬಾರದು ಎಂಬುದು ಅವರ ವಾದ. ಅಧಿಕೃತ ಅಂಗಡಿಗಳಲ್ಲಿಯೂ ಆಗಾಗ ಮೋಸದ ಸಾಲದ ಆ್ಯಪ್‌ಗಳು ನುಸುಳಿದ್ದನ್ನು ಅವರು ಎತ್ತಿ ತೋರಿಸುತ್ತಾರೆ.

ಇತರ ದೇಶಗಳಲ್ಲಿ

ಐರೋಪ್ಯ ಆಯೋಗವು 2018ರಲ್ಲಿ ಆಂಡ್ರಾಯ್ಡ್ ಒಪ್ಪಂದಗಳಿಗಾಗಿ ಗೂಗಲ್‌ಗೆ 434 ಕೋಟಿ ಯೂರೊ ದಂಡ ವಿಧಿಸಿತು. ದಕ್ಷಿಣ ಕೊರಿಯಾ 2021ರಲ್ಲಿ, ಅಂಗಡಿಯ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂದು ಒತ್ತಾಯಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯ ಫಲವಾಗಿ 2024ರ ಮಾರ್ಚ್‌ನಿಂದ ಅಲ್ಲಿನ ಐಫೋನುಗಳಲ್ಲಿ ಬೇರೆ ಅಂಗಡಿಗಳಿಗೂ ಅವಕಾಶ ದೊರೆಯಿತು. ಅಮೆರಿಕದಲ್ಲಿ ಎಪಿಕ್ ಗೇಮ್ಸ್ ಹೂಡಿದ ದಾವೆಯಲ್ಲಿ 2023ರ ಡಿಸೆಂಬರಿನಲ್ಲಿ ತೀರ್ಪುಗಾರರ ಮಂಡಳಿ ಗೂಗಲ್ ವಿರುದ್ಧ ನಿರ್ಣಯ ನೀಡಿತು. ಜಪಾನಿನ ಇಂತಹುದೇ ಕಾನೂನು 2025ರ ಡಿಸೆಂಬರಿನಲ್ಲಿ ಪೂರ್ಣವಾಗಿ ಜಾರಿಗೆ ಬಂತು.

ಪರ್ಯಾಯ ದಾರಿಗಳು

ಬೆಂಗಳೂರು ಮೂಲದ ಫೋನ್‌ಪೇ ಸಂಸ್ಥೆ 2024ರ ಫೆಬ್ರವರಿಯಲ್ಲಿ 'ಇಂಡಸ್ ಆ್ಯಪ್‌ಸ್ಟೋರ್' ಆರಂಭಿಸಿತು. ಇದು ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ದೊರೆಯುತ್ತದೆ. ಹೊರಗಿನ ಪಾವತಿ ವ್ಯವಸ್ಥೆ ಬಳಸುವ ತಯಾರಕರಿಂದ ಪಾಲು ಕೇಳುವುದಿಲ್ಲವೆಂದು ಸಂಸ್ಥೆ ಘೋಷಿಸಿತು. ಕೇಂದ್ರ ಸರ್ಕಾರದ ಮೊಬೈಲ್ ಸೇವಾ ಯೋಜನೆಯಡಿ ಸರ್ಕಾರಿ ಆ್ಯಪ್‌ಗಳ ಭಂಡಾರವೂ ಇದೆ. ಮದರಾಸು ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು ಆಂಡ್ರಾಯ್ಡ್‌ನ ಮುಕ್ತ ಮೂಲಸಂಕೇತ ಆಧರಿಸಿ 'ಭರೋಸ್' ಎಂಬ ವ್ಯವಸ್ಥೆಯನ್ನು 2023ರಲ್ಲಿ ಪ್ರದರ್ಶಿಸಿತು. ಬೆಂಗಳೂರಿನ ಆಟೋ ಚಾಲಕರು ಬಳಸುವ 'ನಮ್ಮ ಯಾತ್ರಿ' ಆ್ಯಪ್ ತನ್ನ ಮೂಲಸಂಕೇತವನ್ನು ಮುಕ್ತವಾಗಿರಿಸಿದೆ. ಆದರೆ ಪ್ರಯಾಣಿಕರು ಅದನ್ನು ಪಡೆಯುವುದು ಹೆಚ್ಚಾಗಿ ದೊಡ್ಡ ಅಂಗಡಿಗಳ ಮೂಲಕವೇ.

ರಾಮನಗರ ಭಾಗದ ಸಂದರ್ಭ

ಬೆಂಗಳೂರಿಗೆ ಹೊಂದಿಕೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ರೇಷ್ಮೆ, ರಾಗಿ, ಮಾವು, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು ಇಲ್ಲಿನ ಜೀವನಾಧಾರ. ಆ್ಯಪ್ ತಯಾರಿಕೆಯ ಕೇಂದ್ರವಲ್ಲದ ಇಂತಹ ಪ್ರದೇಶದಲ್ಲಿಯೂ ಆಡಳಿತ ಮತ್ತು ಶಿಕ್ಷಣ ಫೋನಿನ ಮೂಲಕವೇ ತಲುಪತೊಡಗಿರುವುದರಿಂದ, ಅಂಗಡಿಯ ನಿಯಮಗಳ ಪರಿಣಾಮ ಇಲ್ಲಿಗೂ ಬರುತ್ತದೆ. 2020ರಿಂದ ಕರ್ನಾಟಕದ ರೈತರು ತಮ್ಮ ಹೊಲದ ಬೆಳೆಯ ವಿವರ ಮತ್ತು ಚಿತ್ರಗಳನ್ನು ಬೆಳೆ ಸಮೀಕ್ಷೆ ಆ್ಯಪ್ ಮೂಲಕ ತಾವೇ ದಾಖಲಿಸುವ ವ್ಯವಸ್ಥೆ ಬಂದಿದೆ. ಬೆಳೆ ಪರಿಹಾರ, ವಿಮೆ ಮತ್ತು ಬೆಂಬಲ ಬೆಲೆಗೆ ಈ ದಾಖಲೆ ಆಧಾರವಾಗುತ್ತದೆ.

ಶಾಲೆಗಳ ದೃಷ್ಟಿಯಿಂದ 'ಕಿವಿಕ್ಸ್' ಉತ್ತಮ ಉದಾಹರಣೆ. ಕನ್ನಡ ವಿಕಿಪೀಡಿಯವನ್ನು ಅಂತರಜಾಲವಿಲ್ಲದೆ ಓದಲು ನೆರವಾಗುವ ಮುಕ್ತ ಆ್ಯಪ್ ಇದು. ಫೋನಿನ ಸಂಗ್ರಹವನ್ನು ಆ್ಯಪ್‌ಗಳು ತೆರೆಯುವ ಬಗ್ಗೆ ಪ್ಲೇ ವಿಧಿಸಿದ ನಿಯಮಗಳಿಂದಾಗಿ, ಪ್ಲೇನಲ್ಲಿ ದೊರೆಯುವ ಕಿವಿಕ್ಸ್ ಆವೃತ್ತಿ ಮೆಮೊರಿ ಕಾರ್ಡಿನಲ್ಲಿ ನಕಲಿಸಿಕೊಟ್ಟ ವಿಶ್ವಕೋಶದ ಕಡತವನ್ನು ತೆರೆಯಲಾರದಾಯಿತು. ಆ ಸೌಲಭ್ಯ ಬೇಕಿದ್ದವರು ತಯಾರಕರ ಜಾಲತಾಣದಿಂದಲೇ ಎಪಿಕೆ ಪಡೆಯಬೇಕು. ಸಿಗ್ನಲ್ ದುರ್ಬಲವಾಗಿರುವ ಊರಿನ ಶಾಲೆಗೆ ಹೆಚ್ಚು ಉಪಯುಕ್ತವಾದ ಆವೃತ್ತಿ ಅಂಗಡಿಯ ಹೊರಗೇ ಉಳಿದಿದೆ.

ಒಂದೇ ಮಾರುಕಟ್ಟೆಯ ಮೂಲಕ ಮಾರಬೇಕೆಂಬ ಕಟ್ಟುಪಾಡು ಈ ಭಾಗಕ್ಕೆ ಅಪರಿಚಿತವಲ್ಲ. ಏಷ್ಯಾದ ಅತಿ ದೊಡ್ಡದೆಂದು ಹೆಸರಾದ ರೇಷ್ಮೆಗೂಡು ಮಾರುಕಟ್ಟೆ ರಾಮನಗರದಲ್ಲಿದೆ. 1959ರ ಕರ್ನಾಟಕ ರೇಷ್ಮೆ ಕಾಯಿದೆಯ ಪ್ರಕಾರ ಬೆಳೆಗಾರರು ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿಯೇ ಮಾರಬೇಕು. ಕೊಳ್ಳುವ ರೀಲರುಗಳು ಪರವಾನಗಿ ಪಡೆದಿರಬೇಕು. ತೂಕದಲ್ಲಿ, ಬೆಲೆಯಲ್ಲಿ ಬೆಳೆಗಾರ ಮೋಸಹೋಗಬಾರದೆಂಬುದು ಇದರ ಉದ್ದೇಶ. ಆ್ಯಪ್ ಅಂಗಡಿಗಳ ಸುರಕ್ಷತೆಯ ವಾದವೂ ಮೇಲ್ನೋಟಕ್ಕೆ ಇದನ್ನು ಹೋಲುತ್ತದೆ. ವ್ಯತ್ಯಾಸವಿರುವುದು ಹೊಣೆಗಾರಿಕೆಯಲ್ಲಿ. ಗೂಡಿನ ಮಾರುಕಟ್ಟೆಯ ನಿಯಮ ಮತ್ತು ಶುಲ್ಕಗಳನ್ನು ಶಾಸನಸಭೆ ಮಾಡಿದ ಕಾನೂನು ನಿಗದಿಗೊಳಿಸುತ್ತದೆ. ಹರಾಜು ಬಹಿರಂಗವಾಗಿ ನಡೆಯುತ್ತದೆ. ಮಾರುಕಟ್ಟೆ ನಡೆಸುವವರು ಸ್ವತಃ ಬೆಳೆಗಾರರ ಪ್ರತಿಸ್ಪರ್ಧಿಗಳಲ್ಲ. ಆ್ಯಪ್ ಅಂಗಡಿಯ ನಿಯಮಗಳನ್ನು ಖಾಸಗಿ ಸಂಸ್ಥೆಯೊಂದು ರೂಪಿಸುತ್ತದೆ, ಬೇಕೆನಿಸಿದಾಗ ಬದಲಿಸುತ್ತದೆ, ಮತ್ತು ಅದೇ ಅಂಗಡಿಯಲ್ಲಿ ತನ್ನ ಆ್ಯಪ್‌ಗಳನ್ನೂ ಇರಿಸುತ್ತದೆ. ಇಂತಹ ಅಂಗಡಿಯ ಪಕ್ಕದಲ್ಲಿ ಸೈಡ್‌ಲೋಡಿಂಗ್ ಎಂಬ ಎರಡನೆಯ ದಾರಿ ಉಳಿದಿದ್ದರೆ, ತಿರಸ್ಕೃತರಾದ ತಯಾರಕರಿಗೆ ಬಳಕೆದಾರರನ್ನು ತಲುಪುವ ಅವಕಾಶ ಇರುತ್ತದೆ. ಆ ದಾರಿಗೂ ಅದೇ ಸಂಸ್ಥೆಯ ನೋಂದಣಿ ಕಡ್ಡಾಯವಾದರೆ, ಅದರ ನಿರ್ಧಾರದ ವಿರುದ್ಧ ನ್ಯಾಯಾಲಯದ ಹೊರತು ಬೇರೆ ಮೇಲ್ಮನವಿಯ ಸ್ಥಳ ಉಳಿಯುವುದಿಲ್ಲ.